ಗೌಂಡಿಗಳು ಮಲಗಿದ ಮನೆ

ಸೋಮವಾರ ಬೆಳಿಗ್ಗೆ ಅನಸೂಯಾ ಪ್ರಯೋಗಾಲಯದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಬಸಲಿಂಗಪ್ಪ ಎದೆ ಸೆಟೆಸಿ ನಿಂತಿದ್ದ. ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ಮೇಲೆ ನೊಣಗಳನ್ನು ನೋಡಿಕೊಳ್ಳುವ ಈ ಕೆಲಸಕ್ಕೆ ಸೇರಿದವನು. ಬಂದು ಹನ್ನೆರಡು ದಿನವಾಗಿತ್ತಷ್ಟೆ.

"ಮೇಡಂ, ಬಿಸಿ ಕಪಾಟಿನಾಗಿನ ಮಲಗಿಸಿದ ನೊಣ ಸತ್ತಾವ್ರಿ."

"ಎಷ್ಟು?"

"ನಾನೂರರಾಗ ಮುನ್ನೂರಾ ಮೂವತ್ತೆಂಟು. ಎರಡು ಸಲ ಎಣಿಸೀನ್ರಿ. ಉಳಿದ ಅರವತ್ತೆರಡೂ ಗಾಜಿಗೆ ಅಂಟಿಕೊಂಡು ಕುಂತಾವು. ತಟ್ಟಿದ್ರೂ ಹಾರವಲ್ಲವು."

"ಬಾಜೂಕಿನ ಸಾದಾ ನೊಣ?"

"ಅವು ಗಟ್ಟಿ ಅದಾವ್ರಿ. ನಾನೂರರಾಗ ಹನ್ನೊಂದು ಹೋಗ್ಯಾವು."

ಅನಸೂಯಾ ಕೈಚೀಲವನ್ನು ಮೇಜಿನ ಮೇಲಿಡುವುದನ್ನೂ ಮರೆತು ಕಪಾಟಿನ ಬಾಗಿಲು ತೆರೆದಳು. ಸಾಲು ಸಾಲು ಗಾಜಿನ ಸೀಸೆ, ಬಾಯಿಗೆ ಹತ್ತಿಯ ಬಿರಡೆ, ತಳದಲ್ಲಿ ಬೆಲ್ಲದ ಬಣ್ಣದ ಆಹಾರ. ಅದರ ಮೇಲೆ ಎಳ್ಳು ಚೆಲ್ಲಿದಂತೆ ಹಣ್ಣಿನ ನೊಣಗಳು ಅಂಗಾತ ಬಿದ್ದಿದ್ದವು. ಆರು ವರ್ಷದಲ್ಲಿ ಆಕೆ ಇಂಥದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಈ ತಳಿಯ ನೊಣಗಳು ಸಾಯುವುದರಲ್ಲಿ ಬಹಳ ಸಾವಕಾಶ. ಇವು ಸಾವಕಾಶವಾಗಿ ಸಾಯುತ್ತವೆ ಎಂಬ ಒಂದೇ ಮಾತಿನ ಮೇಲೆ ರಾಜ್ಯದ ಮೂರು ಲಕ್ಷ ಮಂದಿ ತಮ್ಮ ಹೊಟ್ಟೆಯನ್ನು ಒಪ್ಪಿಸಿದ್ದರು. ಅವರಲ್ಲಿ ಮೊದಲನೆಯವನು ಅವಳ ಗಂಡ ಗುರುಶಾಂತ.

ಆ ಮಾತು ಹುಟ್ಟಿದ್ದು ಹೀಗೆ. ನಮ್ಮ ಕರುಳಿನ ಒಳಗೋಡೆಯ ಗಿಲಾವು ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಹೊಸ ಗಿಲಾವು ಹಚ್ಚುವ ಗೌಂಡಿಗಳೇ ಆಕರಕೋಶಗಳು. ಗೋಡೆಯ ಬುಡದಲ್ಲಿ ಕೂತು, ತಾವು ಒಡೆದು ಇಬ್ಬರಾಗಿ, ಒಬ್ಬನನ್ನು ಗೋಡೆಗೆ ಕಳಿಸಿ ಇನ್ನೊಬ್ಬ ಅಲ್ಲೇ ಉಳಿಯುವುದು ಅವುಗಳ ಕಸುಬು. ನೊಣದ ಕರುಳಿನಲ್ಲೂ ಇದೇ ಏರ್ಪಾಡು. ವಯಸ್ಸಾದಂತೆ ಈ ಗೌಂಡಿಗಳಿಗೆ ಹುಚ್ಚು ಹಿಡಿಯುತ್ತದೆ. ಬೇಡದ ಕಡೆಯೆಲ್ಲ ಗೋಡೆ ಎಬ್ಬಿಸುತ್ತವೆ, ಅದೇ ಗಂಟಾಗುತ್ತದೆ, ಕ್ಯಾನ್ಸರ್ ಆಗುತ್ತದೆ. ಹಾಗಾದರೆ ಗೋಡೆಯ ಕೋಶಗಳೇ ಉದುರದಂತೆ ಮಾಡಿ ಗೌಂಡಿಗಳನ್ನು ಮಲಗಿಸಿಬಿಟ್ಟರೆ? ಅನಸೂಯಾ ನೊಣಗಳಲ್ಲಿ ಅದನ್ನು ಮಾಡಿದಳು. ಬಿಸಿ ಕಪಾಟಿನಲ್ಲಿಟ್ಟರೆ ಗೌಂಡಿಗಳು ಮಲಗುತ್ತವೆ, ತಂಪು ಕಪಾಟಿಗೆ ಹಾಕಿದರೆ ಎಚ್ಚರಗೊಳ್ಳುತ್ತವೆ. ತಳಿಯನ್ನು ಹಾಗೆ ಬೆಳೆಸಲಾಗಿತ್ತು. ಮಲಗಿಸಿದ ನೊಣಗಳು ಸಾಯಲಿಲ್ಲ, ಸಾದಾ ನೊಣಗಳಿಗಿಂತ ಹೆಚ್ಚು ದಿನ ಬದುಕಿದವು. ಮನುಷ್ಯರಿಗೆಂದು ತಯಾರಾದ ಚುಚ್ಚುಮದ್ದಿಗೆ 'ಸ್ಥಿರಾ' ಎಂದು ಹೆಸರಿಟ್ಟರು.

ಗುರುಶಾಂತನ ಅಪ್ಪ ಕರುಳಿನ ಕ್ಯಾನ್ಸರ್‌ನಿಂದ ನಲವತ್ತಾರಕ್ಕೆ ತೀರಿಕೊಂಡಿದ್ದರು, ಅಣ್ಣ ನಲವತ್ತೆಂಟಕ್ಕೆ. ನಲವತ್ತೇಳರ ಗುರುಶಾಂತ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮುಂದಿನ ಸಂಖ್ಯೆ ಯಾವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಟು ತಿಂಗಳ ಹಿಂದೆ ಸ್ಥಿರಾ ಜನರಿಗೆ ಸಿಕ್ಕ ಮೊದಲ ದಿನ ಅನಸೂಯಾ ತನ್ನ ಕೈಯಾರೆ ಅವನ ತೋಳಿಗೆ ಚುಚ್ಚಿದ್ದಳು. ಅಂದಿನಿಂದ ಅವನು ಹೊಸ ಹುಡುಗನಾಗಿದ್ದ. ಊರಿಗೆ ಊರೇ ಹಾಗಾಗಿತ್ತು. ಖಾನಾವಳಿಗಳ ಮುಂದೆ 'ಸ್ಥಿರಾದವರಿಗೆ ಮೆಣಸಿನಕಾಯಿ ಚಟ್ನಿ ಬೇಕಾದಷ್ಟು' ಎಂಬ ಬೋರ್ಡುಗಳು ಬಿದ್ದಿದ್ದವು. ಮೂವತ್ತು ತುಂಬಿದವರಿಗಷ್ಟೇ ಎಂಬ ನಿಯಮವಿದ್ದರೂ ಹೆಣ್ಣು ನೋಡಲು ಬಂದವರು ಹುಡುಗಿಗೆ ಚುಚ್ಚಿಸಿದೆಯೇ ಎಂದು ಕೇಳುತ್ತಿದ್ದರು.

"ಬಸಲಿಂಗಪ್ಪ, ಆಹಾರದಾಗ ಏನರೆ ಬದಲ ಮಾಡಿಯೇನು?"

"ಇಲ್ರಿ. ರವಾ, ಬೆಲ್ಲ, ಅಗರ್, ಈಸ್ಟ್, ಎಲ್ಲಾ ಚೀಟಿಯಾಗ ಬರದಂಗ ತೂಕ ಮಾಡೀನಿ. ಮೂರು ದಿನಕ್ಕೊಮ್ಮೆ ಸರಿಯಾಗಿ ಒಂಬತ್ತಕ್ಕ ಹೊಸ ಸೀಸೆಗೆ ದಾಟಿಸೀನಿ. ಒಂದು ನಿಮಿಷ ಹೆಚ್ಚುಕಡಿಮಿ ಇಲ್ಲ."

ಅವನ ಮುಖ ನೋಡಿದರೆ ಸುಳ್ಳು ಹೇಳುವವನಲ್ಲ. ಅನಸೂಯಾ ಉಳಿದ ಅರವತ್ತೆರಡು ನೊಣಗಳಿಗೆ ಮಿಠಾಯಿಗೆ ಹಾಕುವ ನೀಲಿ ಬಣ್ಣ ಬೆರೆಸಿದ ಆಹಾರ ಕೊಟ್ಟಳು. ಗಟ್ಟಿ ಕರುಳಿನ ನೊಣ ನೀಲಿ ತಿಂದರೆ ಹೊಟ್ಟೆಯಲ್ಲೊಂದು ನೀಲಿ ಗೆರೆ ಕಾಣುತ್ತದೆ, ಅಷ್ಟೆ. ಕರುಳು ತೂತಾಗಿದ್ದರೆ ಬಣ್ಣ ಹೊರಗೆ ಸೋರುತ್ತದೆ.

ಮಧ್ಯಾಹ್ನ ಹನ್ನೆರಡಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಮೊದಲ ನೊಣವನ್ನಿಟ್ಟು ಬಗ್ಗಿದವಳು ಹಾಗೇ ಉಳಿದಳು. ನೊಣದ ಹೊಟ್ಟೆ ನೀಲಿ, ಎದೆ ನೀಲಿ, ಕಾಲಿನ ತುದಿಯವರೆಗೂ ನೀಲಿ. ಎರಡನೆಯದೂ ಹಾಗೆಯೇ. ಎರಡನ್ನೂ ಸೀಳಿ ಕರುಳನ್ನು ಬಿಡಿಸಿದಳು. ಮಳೆಗೆ ಸಿಕ್ಕ ಮಣ್ಣಿನ ಗೋಡೆಯಂತೆ ಅಲ್ಲಲ್ಲಿ ಕುಸಿದಿತ್ತು. ಬುಡದಲ್ಲಿ ಗೌಂಡಿಗಳು ಇದ್ದವು. ಒಂದಾದರೂ ಎದ್ದಿರಲಿಲ್ಲ.

ಹನ್ನೆರಡು ದಿನದಲ್ಲಿ ಬದಲಾದದ್ದು ಒಂದೇ: ಫಕೀರವ್ವ ನಿವೃತ್ತಳಾಗಿದ್ದಳು.

* * *

ಫಕೀರವ್ವ ಮೂವತ್ತೊಂದು ವರ್ಷ ಆ ಪ್ರಯೋಗಾಲಯದ ನೊಣಗಳಿಗೆ ಅಡುಗೆ ಮಾಡಿದವಳು. ದೊಡ್ಡ ಪಾತ್ರೆಯಲ್ಲಿ ರವೆ ಬೆಲ್ಲ ಕುದಿಸುವಾಗ ಇಡೀ ಕಟ್ಟಡಕ್ಕೆ ಹಬ್ಬದ ವಾಸನೆ ಬರುತ್ತಿತ್ತು. ನೊಣದ ಆಹಾರವನ್ನು ಆಕೆ 'ಶಿರಾ' ಎಂದೇ ಕರೆಯುತ್ತಿದ್ದಳು. ಮದಿಹಾಳದ ಓಣಿಯಲ್ಲಿ ಅನಸೂಯಾಳ ಕಾರು ನಿಂತಾಗ ಆಕೆ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

"ಬರ್ರಿ ಬಾಯಾರ, ಬರ್ರಿ! ಹನ್ನೆರಡ ದಿನಕ್ಕ ನೆನಪಾತು ನೋಡ್ರಿ ಈ ಮುದುಕಿದು. ನನ್ನ ನೊಣ ಹೆಂಗದಾವು?"

"ಸತ್ತು ಹೋದವು ಫಕೀರವ್ವ."

ಸೊಪ್ಪು ಬಿಡಿಸುವ ಕೈ ನಿಂತಿತು. "ಎಲ್ಲಾ?"

"ಮಲಗಿಸಿದ್ದು ಹೆಚ್ಚೂಕಡಿಮಿ ಎಲ್ಲಾ. ನಿನ್ನ ಕಡೆ ಇರೋತನ ಒಂದಿನಾನೂ ಹಿಂಗಾಗಿರಲಿಲ್ಲ. ನೀ ಏನ ಹಾಕತಿದ್ದಿ ಅದರಾಗ? ಬೈಯೂದಿಲ್ಲ, ಖರೇ ಹೇಳು."

"ಏನ ಹಾಕಲೆವ್ವಾ? ನೀವು ಬರಕೊಟ್ಟಿದ್ದ ಹಾಕಿದ್ನಿ. ಆ ಹೊಸಾ ಗಂಡಸು ಏನ ಮಾಡ್ಯಾನ ಕೇಳ್ರಿ ಮೊದಲ."

"ಅವನೂ ಬರದಿದ್ದನ್ನ ಮಾಡ್ಯಾನ. ಮೂರು ದಿನಕ್ಕೊಮ್ಮೆ ಸೀಸೆ ಬದಲ್ಸ್ಯಾನ."

"ಮೂರು ದಿನಕ್ಕೊಮ್ಮೆ?" ಫಕೀರವ್ವ ಗಲ್ಲದ ಮೇಲೆ ಕೈಯಿಟ್ಟಳು. "ಅಯ್ಯ ಶಿವನೇ! ಮೂರು ದಿನದ ತಂಗಳಾ ತಿನ್ಸಿದ್ನೇನು ಅವಕ್ಕ?"

ಅನಸೂಯಾ ಕಟ್ಟೆಯ ಮೇಲೆ ಕುಸಿದು ಕೂತಳು. "ನೀ ಎಷ್ಟು ದಿನಕ್ಕ ಬದಲ್ಸತಿದ್ದಿ?"

"ದಿನಾ ಮುಂಜಾನೆ. ಪಾತ್ರಿ ತಳಕ್ಕ ಶಿರಾ ಉಳೀತಿತ್ತಲ್ರಿ, ಅದನ್ನ ಬಿಸಿ ಮಾಡಿ ಹೊಸ ಸೀಸೆಗೆ ಹಾಕಿ ದಾಟಸತಿದ್ನಿ. ಬಾಯಿಲ್ಲದ ಜೀವ ನಮ್ಮನ್ನ ನಂಬಿ ಸೀಸೆದಾಗ ಕುಂತೈತಿ, ಅದಕ್ಕ ತಂಗಳಾ ಹಾಕಿದ್ರ ದೇವರು ಮೆಚ್ಚತಾನೇನ್ರಿ?"

"ರಜಿಸ್ಟರದಾಗ ಮೂರು ದಿನಕ್ಕೊಮ್ಮೆ ಅಂತ ಬರದಿದ್ದೆಲ್ಲ?"

"ನೀವು ಮೂರು ದಿನಕ್ಕೊಂದ ಚೌಕಾ ಹಾಕಿಸಿದ್ರಿ. ಚೌಕಾ ಬಂದ ದಿನ ಸಹಿ ಮಾಡೀನಿ. ನಡಕಿನ ದಿನಕ್ಕ ಚೌಕಾನ ಇರಲಿಲ್ಲ, ಎಲ್ಲಿ ಮಾಡಲಿ?"

ಆಕೆ ಸುಳ್ಳು ಬರೆದಿರಲಿಲ್ಲ. ಯಾರೂ ಬರೆದಿರಲಿಲ್ಲ. ಮೂರನೆಯ ದಿನಕ್ಕೆ ಸೀಸೆಯ ಆಹಾರದ ಮೇಲೆ ಬ್ಯಾಕ್ಟೀರಿಯಾಗಳ ತೆಳುವಾದ ಪದರ ಕಟ್ಟುತ್ತದೆ. ಅದನ್ನು ತಿಂದ ನೊಣದ ಕರುಳು ಅಲ್ಲಲ್ಲಿ ಕೆತ್ತಿಹೋಗುತ್ತದೆ. ಸಾದಾ ನೊಣದಲ್ಲಿ ಗೌಂಡಿಗಳೆದ್ದು ಆ ತೂತು ಮುಚ್ಚುತ್ತವೆ. ಆರು ವರ್ಷ ಫಕೀರವ್ವನ ನೊಣಗಳ ಕರುಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಪೆಟ್ಟೇ ಬೀಳದ ಗೋಡೆಗೆ ಗೌಂಡಿ ಯಾಕೆ ಬೇಕು? ಮಲಗಿಸಿದರೂ ನೊಣ ಬದುಕುತ್ತದೆ ಎಂದು ಅನಸೂಯಾ ಲೋಕಕ್ಕೆ ಸಾರಿದ್ದಳಲ್ಲ, ಅದಕ್ಕೆ 'ತಂಗಳು ತಿನ್ನದಿದ್ದರೆ' ಎಂಬ ಮಾತನ್ನು ಸೇರಿಸಬೇಕಿತ್ತು.

"ಬಾಯಾರ, ನೀರು ಕುಡೀರಿ. ಮಾರಿ ಎಲ್ಲಾ ಬೆಳ್ಳಗಾಗೇತಿ."

ಅನಸೂಯಾ ನೀರು ಮುಟ್ಟಲಿಲ್ಲ. ಮೊಬೈಲು ತೆಗೆದು ಗಂಡನಿಗೆ ಹಚ್ಚಿದಳು. ಗುರುಶಾಂತ ತೀರಿಹೋದ ಅಣ್ಣನ ಮಗಳು ಶಿವಲೀಲಾಳ ಮದುವೆ ಮಾಡಿಸಲು ಹಳ್ಳಿಗೆ ಹೋಗಿದ್ದ. ನಿನ್ನೆ ವಧೂವರರ ಮೇಲೆ ಅಕ್ಕಿಕಾಳು ಹಾಕಿ ಮುಗಿಸಿಕೊಂಡು ಅನಸೂಯಾ ಒಬ್ಬಳೇ ವಾಪಸಾಗಿದ್ದಳು.

"ಏನ ಅನಸೂ, ನಿನ್ನಿ ಬಿಟ್ಟು ಹೋಗಿ ಇವತ್ತ ನೆನಪಾತೇನು?"

"ಏನ ತಿಂದ್ರಿ ಮುಂಜಾನೆ?"

"ನಿನ್ನಿ ಗೋಧಿ ಹುಗ್ಗಿ. ಎರಡು ಹಂಡೆ ಉಳಿದಿತ್ತು, ವೈನಿ ಬಡಿಸಿದ್ರು. ಹುಗ್ಗಿ ಮರುದಿನಾನ ರುಚಿ ನೋಡು. ಹೊಟ್ಟಿ ಒಂದೀಟ ಗುಡುಗುಡು ಅನ್ನಾಕ ಹತ್ತೇತಿ, ಆದ್ರ ನನಗೇನು, ನಾ ಸ್ಥಿರಾ ಮನಶ್ಯಾ!"

ಅವನು ನಕ್ಕ. ಅವಳು ಒಂದೇ ಉಸಿರಿಗೆ ಹೇಳಿದಳು: "ಈಗಿಂದೀಗ ತಾಲ್ಲೂಕಿನ ದವಾಖಾನಿಗೆ ಹೋಗ್ರಿ. ಸಲೈನ್ ಹಚ್ಚಿಸ್ಕೋರಿ. ವೈನಿಯವರನ್ನೂ ಕರಕೊಂಡು ಹೋಗ್ರಿ. ಯಾಕಂತ ಕೇಳಬ್ಯಾಡ್ರಿ."

ಅತ್ತಿಗೆ, ಶಿವಲೀಲಾಳ ತಾಯಿ ದಾನಮ್ಮನೂ ಸ್ಥಿರಾ ಚುಚ್ಚಿಸಿಕೊಂಡವಳೇ. ಒಲ್ಲೆನೆಂದವಳನ್ನು ಹಟ ಹಿಡಿದು ಒಪ್ಪಿಸಿದವನು ಗುರುಶಾಂತ.

* * *

ಸ್ಥಿರಾ ಯೋಜನೆಯ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ದೊಡ್ಡದೊಂದು ಪರದೆ: ಚುಚ್ಚಿಸಿಕೊಂಡವರು 3,12,460. ಯೋಜನೆಯ ಮುಖ್ಯಸ್ಥ ಡಾಕ್ಟರ್ ಶ್ರೀಪಾದ ಇಟಗಿ ಅವಳ ಮಾತನ್ನು ಕೊನೆತನಕ ಕೇಳಿ ಕನ್ನಡಕ ಒರೆಸಿದರು.

"ಅನಸೂಯಾ ಅವರ, ನೊಣದ ಮಾತು ನೊಣಕ್ಕ. ನಾವು ಇನ್ನೂರು ಮಂದಿ ಮ್ಯಾಲ ಎರಡು ವರ್ಷ ಪ್ರಯೋಗ ಮಾಡೀವಿ. ಒಬ್ಬರಿಗೂ ಏನೂ ಆಗಿಲ್ಲ."

"ಆ ಇನ್ನೂರು ಮಂದಿ ಎಲ್ಲಿದ್ರು?"

"ನಮ್ಮ ವಸತಿಗೃಹದಾಗ."

"ಏನ ಉಣತಿದ್ರು?"

"ಎರಡೂ ಹೊತ್ತು ಬಿಸಿ ಅಡಗಿ, ಕುದಿಸಿದ ನೀರು. ನಮ್ಮ ಸಲುವಾಗಿ ಮೈ ಒಡ್ಡಿದ ಮಂದಿ, ಅವರಿಗೆ ತಂಗಳಾ ಹಾಕಾಕ ಬರತೈತೇನ್ರಿ..."

ತಾವು ಹೇಳಿದ್ದು ತಮಗೇ ಕೇಳಿಸಿದವರಂತೆ ಇಟಗಿಯವರು ಪರದೆಯ ಕಡೆ ತಿರುಗಿದರು. ಅನಸೂಯಾ ಎದ್ದು ಹೋಗಿ ಮರಣಗಳ ಪಟ್ಟಿ ತೆರೆದಳು. ಎಂಟು ತಿಂಗಳಲ್ಲಿ ವಾಂತಿಭೇದಿಯಿಂದ ತೀರಿಕೊಂಡವರು ಹತ್ತೊಂಬತ್ತು. ಪ್ರತಿ ಹೆಸರಿನ ಮುಂದೆಯೂ 'ಮದ್ದಿಗೆ ಸಂಬಂಧವಿಲ್ಲ' ಎಂದಿತ್ತು. ವಾಂತಿಭೇದಿ ನಮ್ಮ ಕಡೆ ಯಾರಿಗೆ ಆಗುವುದಿಲ್ಲ?

"ಸ್ಥಿರಾ ಮಲಗಿಸಿದ್ದನ್ನ ಹೊಳ್ಳಿ ಎಬ್ಬಿಸೋ ಮದ್ದು ಎಷ್ಟೈತಿ ಸರ್?"

"ತಯಾರಿಸೂವ್ರ ಹಂತ್ಯಾಕ ನಲವತ್ತು ಸೀಸೆ. ತರಸಾಕ ಒಂದು ವಾರ. ನಿಮ್ಮ ಲ್ಯಾಬಿನಾಗ ಒಂದು ಇರಬೇಕು. ಬೇಕಾಗೂದೇ ಇಲ್ಲ ಅಂತ..."

ಒಂದು ಸೀಸೆ, ಒಬ್ಬರಿಗೆ ಸಾಲುವಷ್ಟು. ಅದನ್ನು ಆರೋಗ್ಯವಂತರ ಮೇಲಷ್ಟೇ ನೋಡಿದ್ದರು. ಕರುಳು ಆಗಲೇ ಕುಸಿಯುತ್ತಿರುವಾಗ ಮಲಗಿದ್ದ ಗೌಂಡಿಗಳನ್ನು ಎಬ್ಬಿಸಿದರೆ ತೂತು ಮುಚ್ಚುತ್ತವೆಯೋ, ಹುಚ್ಚೆದ್ದು ಎಲ್ಲವನ್ನೂ ಕೆಡವುತ್ತವೆಯೋ ಯಾರಿಗೂ ಗೊತ್ತಿರಲಿಲ್ಲ. ಅನಸೂಯಾ ಬಸಲಿಂಗಪ್ಪನಿಗೆ ಫೋನು ಮಾಡಿದಳು.

"ಅರವತ್ತು ನೀಲಿ ನೊಣ ಉಳಿದಾವಲ್ಲ, ಮೂರು ಪಾಲು ಮಾಡು. ಇಪ್ಪತ್ತು ಬಿಸಿ ಕಪಾಟಿನಾಗ ಹಂಗ ಇರಲಿ. ಇಪ್ಪತ್ತು ತಂಪು ಕಪಾಟಿಗೆ ಹಾಕು, ತೆಗೀಬ್ಯಾಡ. ಇನ್ನಿಪ್ಪತ್ತು ಆರೇ ತಾಸು ತಂಪಿನಾಗ ಇಟ್ಟು ಹೊಳ್ಳಿ ಬಿಸಿಗೆ ಹಾಕು. ತಾಸಿಗೊಮ್ಮೆ ಎಣಿಸು."

"ಆಗಲ್ರಿ ಮೇಡಂ."

ಅಂದು ಸಂಜೆಯೇ ಮೂರು ಲಕ್ಷ ಮೊಬೈಲುಗಳಿಗೆ ಸಂದೇಶ ಹೋಯಿತು: ಬಿಸಿ ಊಟ, ಕುದಿಸಿದ ನೀರು, ಹೊಟ್ಟೆ ಕೆಟ್ಟರೆ ತಕ್ಷಣ ಆಸ್ಪತ್ರೆ. ಇಟಗಿಯವರು ಕಳಿಸುವ ಗುಂಡಿಯನ್ನು ತಾವೇ ಒತ್ತಿದರು.

* * *

ಮಂಗಳವಾರ ಮಧ್ಯಾಹ್ನದವರೆಗೆ ಅನಸೂಯಾ ಮದ್ದಿನ ಸೀಸೆಯನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಪ್ರಯೋಗಾಲಯದಲ್ಲೇ ಕಾದಳು. ಗಂಡ ಅರವತ್ತು ಕಿಲೋಮೀಟರು ದೂರದಲ್ಲಿ ಮಲಗಿದ್ದಾನೆ, ಹೆಂಡತಿ ಇಲ್ಲಿ ನೊಣ ಸಾಯುವುದನ್ನು ಎಣಿಸುತ್ತಿದ್ದಾಳೆ. ಕೈಯಲ್ಲಿರುವುದು ಮದ್ದೋ ವಿಷವೋ ಎಂದು ತಿಳಿಯದೆ ಹೊರಡುವುದಾದರೂ ಹೇಗೆ? ಬಿಸಿ ಕಪಾಟಿನ ಇಪ್ಪತ್ತರಲ್ಲಿ ಹದಿನೇಳು ಹೋದ ಮೇಲೆ, ತಂಪಿನವು ಇನ್ನೂ ಹನ್ನೊಂದು ಇದ್ದಾಗ, ಡಬ್ಬಿ ಎತ್ತಿಕೊಂಡು ಓಡಿದಳು.

ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಹದಿನಾಲ್ಕು ಹಾಸಿಗೆ. ಎಲ್ಲರೂ ಮದುವೆ ಮನೆಯವರೇ, ಎಲ್ಲರೂ ಅದೇ ಹುಗ್ಗಿ ಉಂಡವರೇ. ವೈದ್ಯೆ ಡಾಕ್ಟರ್ ತಬಸ್ಸುಮ್ ಅವಳನ್ನು ಬಾಗಿಲಲ್ಲೇ ತಡೆದು ತಗ್ಗಿದ ದನಿಯಲ್ಲಿ ಕೇಳಿದರು: "ನೀವ ಹೇಳ್ರಿ ಮೇಡಂ, ಇದೇನು? ಹತ್ತು ಮಂದಿ ಇವತ್ತ ಎದ್ದು ಕುಂತಾರ, ಗಂಜಿ ಕೇಳಾಕತ್ಯಾರ. ಉಳಿದ ನಾಲ್ಕು ಮಂದಿ ತಾಸ ತಾಸಿಗೆ ಇಳೀಯಾಕತ್ಯಾರ. ನಾಲ್ವರದೂ ಚೀಟಿ ನೋಡಿದೆ. ನಾಲ್ವರೂ ಸ್ಥಿರಾ."

ಅನಸೂಯಾ ಸಾಲು ಹಾಸಿಗೆಗಳನ್ನು ನೋಡಿದಳು. ಒಂದೇ ಆಹಾರ, ಒಂದೇ ದಿನ. ಸಾದಾ ಇದ್ದವರು ಕೂತಿದ್ದಾರೆ, ಮಲಗಿಸಿದವರು ಮಲಗಿದ್ದಾರೆ. ತನ್ನ ಕಪಾಟಿನೊಳಗೆ ತಾನೇ ನಿಂತಂತಾಗಿ ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

ಕೊನೆಯ ಹಾಸಿಗೆಯಲ್ಲಿ ಗುರುಶಾಂತ. ಒಂದೇ ದಿನಕ್ಕೆ ಕಣ್ಣು ಗುಳಿಬಿದ್ದಿದ್ದವು. ಪಕ್ಕದಲ್ಲಿ ದಾನಮ್ಮ. ಅದರಾಚೆ ಅಡುಗೆ ಮಾಡಿದ ಭಟ್ಟ, ಮತ್ತೆ ದೂರದ ಸಂಬಂಧಿ ಒಬ್ಬರು.

"ಬಂದೇನು? ಮದ್ದು ತಂದಿ?"

"ತಂದೀನಿ. ಒಂದ ಐತಿ."

ಅವನು ಉಳಿದ ಮೂರು ಹಾಸಿಗೆಗಳ ಕಡೆ ನೋಡಿ ಕಣ್ಣು ಮುಚ್ಚಿದ. "ಹೆದರಿಕಿ ಆಗತೈತಿ ಅನಸೂ. ನನಗ ಕೊಟ್ಟುಬಿಡು," ಎಂದ. ಮತ್ತೆ ಕಣ್ಣು ತೆರೆದು, "ನಾ ಹಂಗ ಅಂದ್ರೂ ನೀ ಕೇಳಬ್ಯಾಡ," ಎಂದ.

ಆಗ ಫೋನು ಬಂತು. ಬಸಲಿಂಗಪ್ಪ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದ: "ಮೇಡಂ, ಬಿಸಿ ಕಪಾಟಿನವು ಇಪ್ಪತ್ತೂ ಸತ್ತಾವ್ರಿ. ತಂಪಿನವು ಹನ್ನೊಂದು ಅದಾವು, ನಾಕು ತಾಸಿನಿಂದ ಒಂದೂ ಹೋಗಿಲ್ಲ. ಆರು ತಾಸು ಇಟ್ಟು ತೆಗೆದಾವೂ ಹನ್ನೊಂದ ಅದಾವ್ರಿ."

"ಆರು ತಾಸಿನವೂ ಹನ್ನೊಂದು? ಇನ್ನೊಮ್ಮೆ ಎಣಿಸು."

"ಮೂರು ಸಲ ಎಣಿಸೀನ್ರಿ."

ಅಂದರೆ ಗೌಂಡಿಯನ್ನು ಒಮ್ಮೆ ತಟ್ಟಿ ಎಬ್ಬಿಸಿದರೆ ಸಾಕು, ಅವನು ಮತ್ತೆ ಮಲಗುವುದಿಲ್ಲ. ಪೂರ್ತಿ ಮದ್ದು ಬೇಕಿಲ್ಲ. ಕಾಲು ಪಾಲು ಸಾಕಾದೀತು. ಸಾಕಾದೀತೋ? ನೊಣಕ್ಕೆ ಸಾಕಾಗಿದೆ. ನೊಣವನ್ನು ನಂಬಿಯೇ ಇಲ್ಲಿಗೆ ಬಂದು ನಿಂತಿದ್ದೇನೆ ಎಂದು ಅವಳಿಗೆ ನೆನಪಾಯಿತು. ಆದರೂ ಡಬ್ಬಿ ತೆರೆದು ಒಂದೇ ಸೀಸೆಯಿಂದ ನಾಲ್ಕು ಸಿರಿಂಜು ತುಂಬಿದಳು.

"ಎಷ್ಟು ಮಂದಿ ಉಳೀತೀವಿ?" ಗುರುಶಾಂತ ಕೇಳಿದ.

"ಇಪ್ಪತ್ತಕ್ಕ ಹನ್ನೊಂದು."

ಗಣಿತದ ಮಾಸ್ತರನ ತುಟಿ ಅಲುಗಿದವು. "ನಾಕಕ್ಕ ಎರಡು, ಮ್ಯಾಲೊಂದೀಟ ಚಿಲ್ಲರ. ಆ ಚಿಲ್ಲರದಾಗ ನನ್ನ ಹಿಡಿ."

ಮೂವರಿಗೆ ಅವಳೇ ಚುಚ್ಚಿದಳು. ಗಂಡನ ಸರದಿ ಬಂದಾಗ ಸಿರಿಂಜನ್ನು ಡಾಕ್ಟರ್ ತಬಸ್ಸುಮ್ ಕಡೆ ಚಾಚಿದಳು. ಅವರು ಇಸಿದುಕೊಂಡು ಚುಚ್ಚಿದರು.

* * *

ಶುಕ್ರವಾರ ಬೆಳಿಗ್ಗೆ ಗುರುಶಾಂತ ಗಂಜಿ ಬೇಕೆಂದ. ಭಟ್ಟ ಹಿಂದಿನ ಸಂಜೆಯೇ ಎದ್ದು ಕೂತಿದ್ದ. ದೂರದ ಸಂಬಂಧಿ ಬುಧವಾರ ಹೋದರು. ದಾನಮ್ಮ ಗುರುವಾರ.

ಗುರುಶಾಂತ ಪಕ್ಕದ ಹಾಸಿಗೆಯ ಮೇಲೆ ಮಡಿಸಿಟ್ಟ ಕಂಬಳಿಯನ್ನು ನೋಡುತ್ತಲೇ ಇದ್ದ. ಅಷ್ಟರಲ್ಲಿ ಶಿವಲೀಲಾ ಗಂಜಿಯ ಪಾತ್ರೆ ಹಿಡಿದು ಬಂದಳು. ಮದುವೆಯ ಅರಿಸಿನ ಇನ್ನೂ ಉಗುರಿನ ಸಂದಿಯಲ್ಲಿತ್ತು. ತಾಯಿಯನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು.

"ಲೀಲವ್ವ," ಗುರುಶಾಂತ ಪಾತ್ರೆಗೆ ಕೈ ಚಾಚದೆ ಅಂದ. "ನಾನ ಹೇಳಿ ಹೇಳಿ ಚುಚ್ಚಿಸಿದ್ನವ್ವಾ ನಿಮ್ಮವ್ವಗ. ಆಕಿ ಒಲ್ಲೆ ಅಂದಿದ್ಲು."

"ಗೊತ್ತೈತಿ ಕಾಕಾ. ಉಣ್ಣು ನೀ."

ಅನಸೂಯಾ ಬಾಯಿ ತೆರೆದಳು. ಅವನು ಬರೇ ಹೇಳಿದ್ದು, ಮಾಡಿದವಳು ನಾನು ಎನ್ನಬೇಕಿತ್ತು. ಅದಕ್ಕೆ ಮೊದಲೇ ಶಿವಲೀಲಾ ಪಾತ್ರೆಯನ್ನು ಕೆಳಗಿಟ್ಟು ಅವಳ ಹತ್ತಿರ ಬಂದು, ಕಾಕಾನಿಗೆ ಕೇಳಿಸದಷ್ಟು ಮೆಲ್ಲಗೆ ಅಂದಳು:

"ಚಿಗವ್ವಾ, ಲಗ್ನಾ ಗೊತ್ತಾದ ಮ್ಯಾಲ ನಾನೂ ಚುಚ್ಚಿಸಿಕೊಂಡೀನಿ. ವಯಸ್ಸು ಸುಳ್ಳ ಹೇಳಿ. ಅಪ್ಪನ ರಕ್ತ ಅಲ್ಲ ನಂದೂ? ಬೀಗರೂ ಕೇಳಿದ್ರು. ಲಗ್ನದ ಮರುದಿನ ಅತ್ತಿ ಮನ್ಯಾಗಿದ್ನಿ, ತಂಗಳಾ ಹುಗ್ಗಿ ಉಣಲಿಲ್ಲ, ಅದಕ್ಕ ನಿಂತೀನಿ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಎಂದ ಎಬ್ಬಸತಿ?"